ದಮ್ಮು ಕೇಳುವ ಮೈದುನ

ನನ್ನ ಮೈದುನನಿಗೆ ಹುಚ್ಚು ಎಂದು ಬಸವಕಲ್ಯಾಣದಲ್ಲಿ ಬಹಳ ಜನ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹುಚ್ಚರಿಗೆ ಅಮಾವಾಸ್ಯೆ ಹುಣ್ಣಿಮೆಗೆ ಕೆರಳಿದರೂ ನಡುವೆ ನಾಲ್ಕು ದಿನ ಬಿಡುವಿರುತ್ತದೆ. ಇವನಿಗೆ ಬಿಡುವೇ ಇಲ್ಲ!

ಕೂತ ಮಗುವನ್ನು ಕಂಡರೆ ಇವನಿಗೆ ಆಗುವುದಿಲ್ಲ, ಅದೇ ಇವನ ಕಾಯಿಲೆ. ದೊಡ್ಡವರು ಕೂತಿರಲಿ, ಮಲಗಿರಲಿ, ಕೂತಲ್ಲೇ ಬೇರು ಬಿಡಲಿ, ತಕರಾರಿಲ್ಲ. "ಅವರದು ಮುಗದ ಕಥಿ" ಅನ್ನುತ್ತಾನೆ. ಆದರೆ ಐದು ವರ್ಷದಿಂದ ಹದಿನೆಂಟರವರೆಗಿನ ಯಾವ ಜೀವವೂ ಇವನ ಕಣ್ಣೆದುರು ಗೋಡೆಗೆ ಒರಗುವಂತಿಲ್ಲ. ಒರಗಿದರೆ ಎಬ್ಬಿಸುತ್ತಾನೆ. ಎಬ್ಬಿಸಿ ಓಣಿಯ ಈ ತುದಿಯಿಂದ ಆ ತುದಿಗೆ ಓಡಿಸುತ್ತಾನೆ. ಓಡಿ ಬಂದ ಮೇಲೆ ಕಣ್ಣು ಮುಚ್ಚಿ, ಆ ಮಗುವಿನ ಮುಖದ ಹತ್ತಿರ ಕಿವಿ ತಂದು ದಮ್ಮು ಕೇಳುತ್ತಾನೆ! ದಮ್ಮು ಎಂದರೆ ಉಸಿರು. ಏದುಸಿರು ಬಂದರೆ ನಮ್ಮ ಕಡೆ "ದಮ್ಮು ಹತ್ತಿತು" ಅನ್ನುತ್ತೇವೆ. ಡಾಕ್ಟರರ ಹಾಗೆ ಕೊರಳಲ್ಲಿ ನಳಿಗೆಯಿಲ್ಲ, ಕೈಯಲ್ಲಿ ಗಡಿಯಾರವಿಲ್ಲ. ಬರೀ ಕಿವಿ. ಕೇಳಿ ಆದ ಮೇಲೆ ತೀರ್ಪು.

"ಗಾಡಿ ಚಲೋ ಅದ, ಹೋಗು."

ಇಲ್ಲವೇ, "ನಿಮ್ಮವ್ವಗ ಹೋಗಿ ಹೇಳು, ಈ ಗಾಡಿ ದಿನಾ ಚಾಲೂ ಮಾಡದಿದ್ರ ಜಂಗು ಹಿಡಿತದ ಅಂತ."

ಮಕ್ಕಳು ಮನೆಗೆ ಹೋಗಿ ಒಂದಕ್ಷರ ಬಿಡದೆ ಹಾಗೆಯೇ ಹೇಳುತ್ತವೆ. ಆ ಅವ್ವಂದಿರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎಲ್ಲಿಗೆ ಬರುತ್ತಾರೆ? ನನ್ನ ಬಾಗಿಲಿಗೆ! ಅವನು ಹಚ್ಚಿದ ಜಗಳಗಳನ್ನೆಲ್ಲ ಆಡಿ ಮುಗಿಸುವುದು ಈ ಮನೆಯ ಹಿರಿ ಸೊಸೆಯ ಕೆಲಸ.

ಹಾಗಾದರೆ ಇವನೇನು ದೊಡ್ಡ ಪೈಲ್ವಾನನೇ? ಜೋಳದ ದಂಟಿಗೆ ಧೋತರ ಸುತ್ತಿ ನಿಲ್ಲಿಸಿದ ಹಾಗಿದ್ದಾನೆ. ತಾಲೀಮಿನ ಮಣ್ಣು ಮುಟ್ಟಿದವನಲ್ಲ. ಮದುವೆ ಮಾಡಿಕೊಳ್ಳಲಿಲ್ಲ, ಓಡಿಸಲು ಸ್ವಂತ ಮಕ್ಕಳಿಲ್ಲ. ಸ್ವಂತದವು ಇಲ್ಲದ್ದಕ್ಕೆ ಊರಿನವೆಲ್ಲ ಇವನವಾದವು.

ಇವನದೊಂದು ಕಿರಾಣಿ ಅಂಗಡಿ, ಅದರ ಹಿಂದಿನ ಕೋಣೆಯಲ್ಲೇ ಇವನ ವಾಸ. ಆಗ ತೊಂಬತ್ತರ ಆಸುಪಾಸು. ನಮ್ಮ ಊರಿನ ಅಂಗಡಿಗಳಲ್ಲಿ ಬಣ್ಣಬಣ್ಣದ ಕುರುಕಲು ಪೊಟ್ಟಣಗಳ ಮಾಲೆಗಳು ತೂಗಾಡತೊಡಗಿದ್ದವು. ಇವನೂ ತಂದ, ಇವನೂ ತೂಗುಹಾಕಿದ. ಎಲ್ಲಿ? ಮಾಳಿಗೆಯ ತೊಲೆಗೆ! ಮಕ್ಕಳು ಬಂದು ಕೈ ಚಾಚಿದರೆ, "ಜಿಗದು ಹರಕೋ. ಹರಕೊಂಡ್ರ ಕೊಡತೀನಿ, ಇಲ್ಲಂದ್ರ ಇಲ್ಲ" ಅನ್ನುತ್ತಿದ್ದ. ಪೆಪ್ಪರಮಿಂಟು ಬೇಕಾದರೆ ಇಪ್ಪತ್ತು ಬೈಠಕು, ಅಂದರೆ ಬಸ್ಕಿ. ಬೆಲ್ಲದ ಚಿಕ್ಕಿಗೆ ಮಾತ್ರ ಹತ್ತು ಮಾಫಿ, ಯಾಕೆಂದರೆ ಅದು ಶೇಂಗಾದ್ದು. ದುಡ್ಡು ಕೈಯಲ್ಲಿ ಹಿಡಿದುಕೊಂಡು ಬೈಠಕು ಹೊಡೆಯುವ ಗಿರಾಕಿಗಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಮೊದಲ ವಾರ ತಮಾಷೆ ಎಂದು ಮಕ್ಕಳು ಮುತ್ತಿದವು. ಎರಡನೆಯ ವಾರ ಎಲ್ಲ ಎದುರಿನ ಅಂಗಡಿಗೆ ನಡೆದವು. ಆ ಅಂಗಡಿಯವನು ದೇವರ ಪಟಗಳ ಸಾಲಿನಲ್ಲಿ ನನ್ನ ಮೈದುನನ ಫೋಟೋ ಇಟ್ಟು ಊದುಬತ್ತಿ ಹಚ್ಚುತ್ತಾನೆ ಎಂದು ಊರು ಆಡಿಕೊಂಡಿತು!

ಅದಕ್ಕೂ ಒಂದೆರಡು ವರ್ಷ ಮೊದಲು ನನ್ನ ಮಗಳನ್ನು ನೋಡಲು ಹುಮನಾಬಾದಿನಿಂದ ಜನ ಬಂದಿದ್ದರು. ಚಹಾ ಆಯಿತು, ಸುಸಲಾ ಆಯಿತು. ಹೊಲ ಎಷ್ಟು, ಮನೆ ಎಂಥದು, ಎಲ್ಲ ಮಾತಾಯಿತು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಹದಿನೆಂಟು ಎಂದೋ ದಾಟಿತ್ತು, ಆದರೂ ನಮ್ಮವನು ಬಿಡಬೇಕಲ್ಲ!

"ತಮ್ಮಾ, ಜರಾ ಮಾಳಗಿ ಹತ್ತಿ ಇಳದು ಬಾ ನೋಡೋಣ. ಎರಡು ಸಲ."

ಹುಡುಗನ ಅಪ್ಪ ಬಟ್ಟಲು ಕೆಳಗಿಟ್ಟರು. "ಯಾಕ್ರಿ? ಮಾಳಗಿ ಮ್ಯಾಲ ಏನದ?"

"ಏನೂ ಇಲ್ರಿ. ದಮ್ಮು ಕೇಳಬೇಕು."

"ನಾವೇನು ಎತ್ತಿನ ಸಂತಿಗಿ ಬಂದೀವೇನ್ರಿ?"

"ಎತ್ತಾಗಿದ್ರ ಹಲ್ಲ ನೋಡತಿದ್ದೆ ಬಿಡ್ರಿ. ಮನಷ್ಯಾರಿಗಿ ದಮ್ಮೇ ಕೇಳಬೇಕು. ಮೂವತ್ತಕ್ಕ ಏದುಸಿರು ಬಿಡೋ ಅಳಿಯನ ತಗೊಂಡು ಏನು ಮಾಡೋದ್ರಿ?"

ನನ್ನ ಗಂಡ ರುಮಾಲಿನಿಂದ ಮುಖ ಒರೆಸುವ ನೆಪದಲ್ಲಿ ಮುಖವನ್ನೇ ಮುಚ್ಚಿಕೊಂಡರು. ಸಂಬಂಧ ಮುರಿಯಿತು ಎಂದು ನಾನು ಒಳಗೆ ಕೂತು ಹಣೆ ಬಡಿದುಕೊಂಡೆ. ಆದರೆ ಹುಡುಗ ಎದ್ದೇ ಬಿಟ್ಟ! ಒಂದು ಸಲ ಹತ್ತಿದ, ಇಳಿದ. ಎರಡನೆಯ ಸಲ ಹತ್ತಿದ. ಇಳಿಯಲಿಲ್ಲ. ಚಹಾ ಆರಿತು, ಮಾತು ನಿಂತಿತು, ಹುಡುಗ ಇಳಿಯಲಿಲ್ಲ. ಅವರ ಅಪ್ಪನ ಮುಖ ಬಿಳಿಚಿತು. ನಾನು ಓಡಿ ಮೇಲೆ ಹೋಗಿ ನೋಡಿದರೆ, ಒಣಗಲು ಹಾಕಿದ್ದ ನನ್ನ ಸಂಡಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ!

"ಅತ್ತಿ, ಉಪ್ಪು ಜರಾ ಕಮ್ಮಿ ಆಗ್ಯಾದ್ರಿ" ಎಂದ.

ಕನ್ಯೆ ಪಸಂದಾಯಿತೆಂದು ಇನ್ನೂ ಯಾರೂ ಹೇಳಿರಲಿಲ್ಲ, ನಾನು ಆಗಲೇ ಅತ್ತೆಯಾಗಿದ್ದೆ! ಕೆಳಗೆ ಬಂದ ಮೇಲೆ ಮೈದುನ ಕಿವಿ ಕೊಟ್ಟು ಕೇಳಿ ಹೇಳಿದ: "ದಮ್ಮು ಚಲೋ ಅದ್ರಿ ವೈನಿ. ಹೊಟ್ಟಿ ಒಂದು ಸಂಭಾಳಸಬೇಕು."

ಮದುವೆಯಾಯಿತು. ಅಳಿಯ ಒಳ್ಳೆಯವನೇ. ಹೊಟ್ಟೆಯನ್ನು ಮಾತ್ರ ಸಂಭಾಳಿಸಲಿಲ್ಲ.

ನನ್ನ ಗಂಡನ ಮಾತೂ ಇಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಅವರು ಕಾಳುಕಡಿಯ ಅಡತಿ ಅಂಗಡಿಯ ಗಾದಿಯ ಮೇಲೆ ಮೂವತ್ತು ವರ್ಷ ಕೂತರು. ಚೀಲ ಎತ್ತುವವರು ಬೇರೆ, ತೂಕ ಮಾಡುವವರು ಬೇರೆ, ಚಹಾ ತರುವವರು ಬೇರೆ. ಅವರ ಪಾಲಿಗೆ ಉಳಿದದ್ದು ಕೂಡುವುದೊಂದೇ. ಸಕ್ಕರೆ ಕಾಯಿಲೆ ಬಂತು. ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಕಾಲು ಹೋಯಿತು, ಆಮೇಲೆ ಅವರೇ ಹೋದರು. ಅಳುವುದೆಲ್ಲ ಆಗಲೇ ಅತ್ತಿದ್ದೇನೆ, ಈಗ ಮತ್ತೆ ಅಳುವುದಿಲ್ಲ. ಅದಾದ ಮೇಲೆ ಮೈದುನನ ಹುಚ್ಚು ಎರಡರಷ್ಟಾಯಿತು, ಅಷ್ಟು ಹೇಳಿದರೆ ಸಾಕು.

ಇನ್ನು ಮೊಮ್ಮಗಳ ಕಥೆ. ಹುಮನಾಬಾದಿನಲ್ಲಿ ಮಗಳ ಮನೆ ಹೈದರಾಬಾದಿಗೆ ಹೋಗುವ ದೊಡ್ಡ ರಸ್ತೆಯ ಬದಿಗೇ ಇದೆ. ಅಳಿಯನದು ಖಾನಾವಳಿ. ಮುಂದೆ ಲಾರಿಗಳು, ಹಿಂದೆ ಒಲೆಗಳು. ಅಂಗಳಕ್ಕೆ ಕಾಲಿಟ್ಟರೆ ಲಾರಿ ಬರುತ್ತದೆ ಎಂದು ಮಗುವನ್ನು ಒಳಗೆ ಕೂಡಿಸಿದರು. ಕೂತ ಮಗುವಿಗೆ ಟಿವಿ ಹಚ್ಚಿ ಕೊಟ್ಟರು. ಟಿವಿ ನೋಡುವ ಮಗುವಿನ ಕೈಗೆ ಖಾನಾವಳಿಯಿಂದ ಬಿಸಿ ಪೂರಿ ತಂದು ಕೊಟ್ಟರು. ಆರನೆಯ ಇಯತ್ತೆಗೆ ಅವಳನ್ನು ನಮ್ಮ ಮನೆಗೆ ಕಳಿಸಿದರು, ನಮ್ಮ ಮನೆಯ ಹತ್ತಿರ ಹೆಣ್ಣುಮಕ್ಕಳ ಶಾಲೆ ಇದೆ. ಬಂದ ದಿನ ಬಾಗಿಲಿನ ಐದು ಮೆಟ್ಟಿಲಲ್ಲಿ ಮೂರನೆಯದರ ಮೇಲೆ ಕೂತು ಸುಧಾರಿಸಿಕೊಂಡಳು.

ನನಗೆ ಖುಷಿಯೋ ಖುಷಿ. ಮೊಮ್ಮಗಳು ಮೈ ತುಂಬಿಕೊಂಡಿದ್ದಾಳೆ! ಮಗು ಸೊರಗಿದರೆ ನಮ್ಮಲ್ಲಿ ಜನ ಅಜ್ಜಿಯ ಕಡೆ ನೋಡುತ್ತಾರೆ. ಶೇಂಗಾ ಹೋಳಿಗೆಗೆ ತುಪ್ಪ ಸುರಿದು ಸುರಿದು ಮೂರು ತಿಂಗಳಲ್ಲಿ ನಾನು ಅವಳನ್ನು ಇನ್ನಷ್ಟು ತುಂಬಿಸಿದೆ. ಮೈದುನ ಬಾಗಿಲಲ್ಲಿ ನಿಂತು ಕಿವಿ ನಿಗುರಿಸಿದ.

"ವೈನಿ, ಈ ಹುಡುಗಿ ದಮ್ಮು ಕೇಳ್ರಿ ಜರಾ. ಮೆಟ್ಟಲು ಏರ್ಯಾಳೋ, ಕೋಟಿ ಏರ್ಯಾಳೋ?"

"ನಿನ್ನ ಕಣ್ಣು ಬೀಳತದ, ಅತ್ತ ಹೋಗು. ಆಕೀನ್ನೂ ನಿನ್ನಂಗ ಒಣಗಸಬೇಕಂತೀಯೇನು?"

"ಒಣಗಸು ಅಂತ ನಾ ಎಲ್ಲಿ ಅಂದೆ? ದಪ್ಪನೇ ಇರ್ಲಿ, ತೆಳ್ಳನೇ ಇರ್ಲಿ, ದಮ್ಮು ಗಟ್ಟಿ ಇರ್ಲಿ."

ಆಮೇಲೆ ಅವಳಿಗೆ ತಲೆನೋವು ಶುರುವಾಯಿತು. ಹುಮನಾಬಾದಿನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಆತ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದ. ಒಂದು ಸಲ ಅಲ್ಲ, ಮೂರು ಸಲ. ಮುಖ ಸಣ್ಣದು ಮಾಡಿಕೊಂಡು ಹೇಳಿದ, "ಈ ವಯಸ್ಸಿಗೇ ಬಿಪಿ ಏರಾಕತ್ತದ್ರಿ ಅಮ್ಮಾ. ಮನ್ಯಾಗ ಯಾರಿಗಾರ ಸಕ್ಕರಿ ಇತ್ತೇನು?"

ಮೈದುನ ಹೇಳಿದ, "ಇತ್ರಿ."

"ಔಷಧ ಬ್ಯಾಡ. ದಿನಾ ಒಂದು ತಾಸು ಮೈ ಬೆವರಬೇಕು. ಓಡ್ಲಿ, ಆಡ್ಲಿ, ಹಗ್ಗ ಜಿಗೀಲಿ, ಏನಾರ ಮಾಡ್ಲಿ. ಈಗ ಬೆವರಿದ್ರ ಮುಂದ ನನ್ನ ಹಂತೇಕ ಬರೋದು ತಪ್ಪತದ. ಈಗ ಕೂತಳಂದ್ರ ಹುಡುಗಿ ದೊಡ್ಡಾಕಿ ಆಗತಾಳ, ಕಾಯಿಲಿನೂ ಆಕಿ ಸಂಗಟ ದೊಡ್ಡದಾಗತದ."

ಸೂಜಿಯಿಲ್ಲ, ಬಾಟಲಿಯಿಲ್ಲ, ಕೆಂಪು ಔಷಧವೂ ಇಲ್ಲ! ಇವನೆಂಥ ಡಾಕ್ಟರ್ ಎಂದು ನಾನು ಬಸ್ಸು ಹತ್ತುವವರೆಗೂ ಬೈದೆ. ಮೈದುನ ಮಾತ್ರ ಅವನ ಪಾದಕ್ಕೆ ಬೀಳುವುದೊಂದು ಬಾಕಿ. ಅಷ್ಟು ವರ್ಷದಲ್ಲಿ ಮೊದಲ ಸಲ ಓದಿದ ಮನುಷ್ಯನೊಬ್ಬ ಇವನ ಮಾತನ್ನೇ ಆಡಿದ್ದ!

ಮರುದಿನದಿಂದ ನಮ್ಮ ಹಿತ್ತಲಲ್ಲಿ ಕಸರತ್ತು. ಬಾವಿಯ ಹಳೆಯ ಹಗ್ಗ ತಂದು ಜಿಗಿಯಲು ಕೊಟ್ಟ. ಒಂದು ತಾಸು ಆದ ಮೇಲೆ ಬಂದು ನೋಡುತ್ತೇನೆ ಎಂದು ಅಂಗಡಿಗೆ ಹೋದ. ಮೊಮ್ಮಗಳು ಆರು ಸಲ ಜಿಗಿದು ನನ್ನ ಮುಖ ನೋಡಿದಳು. ನನಗೂ ಕರುಳು ಎಂಬುದೊಂದಿದೆಯಲ್ಲ! ಒಳಗೆ ಕರೆದು ಉಂಡಿ ಕೊಟ್ಟು ಕೂಡಿಸಿದೆ. ಅವನು ಬರುವ ಹೊತ್ತಿಗೆ ಹಂಡೆಯ ನೀರನ್ನು ಅವಳ ಹಣೆಗೆ, ಕುತ್ತಿಗೆಗೆ ಚಿಮುಕಿಸಿ ಹೊರಗೆ ನಿಲ್ಲಿಸಿದೆ. ಹುಡುಗಿಯೂ ಕಮ್ಮಿಯಲ್ಲ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟಳು.

ಮೈದುನ ಅವಳ ಹಣೆಗೆ ಬೆರಳು ಒತ್ತಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿದ.

"ವೈನಿ, ಬೆವರು ಉಪ್ಪಿರತದ್ರಿ. ಇದು ಬಾವಿ ನೀರು."

ಸೋಲು ಒಪ್ಪುವವಳೇ ನಾನು? ಮರುದಿನ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ಚಿಟಿಕೆ ತುಸು ದೊಡ್ಡದಾಯಿತೆಂದು ಕಾಣುತ್ತದೆ. ಅವನು ನಾಲಿಗೆಗೆ ಮುಟ್ಟಿಸಿ ಬಹಳ ಹೊತ್ತು ಚಪ್ಪರಿಸಿದ.

"ಇನ್ನ ಒಗ್ಗರಣಿ ಒಂದು ಹಾಕೋದು ಉಳದದ ನೋಡ್ರಿ" ಎಂದ.

ಮೊಮ್ಮಗಳು ನಕ್ಕಳು. ನಾನು ಒಳಗೆ ಹೋಗಿ ನಕ್ಕೆ. ಅವನು ನಗಲಿಲ್ಲ. ಕಟ್ಟೆಯ ಮೇಲೆ ಕೂತು, ನೆಲ ನೋಡುತ್ತ ಹೇಳಿದ, "ನೀವಿಬ್ರೂ ಕೂಡಿ ನನಗ ಮೋಸ ಮಾಡ್ರಿ, ನಡೀತದ. ಆಕಿ ರಕ್ತಕ್ಕ ಹ್ಯಾಂಗ ಮೋಸ ಮಾಡತೀರಿ?"

ನೀರು ಚಿಮುಕಿಸುವುದನ್ನು ನಿಲ್ಲಿಸಿದೆ. ಆದರೆ ಹುಡುಗಿ ಜಿಗಿಯಬೇಕಲ್ಲ! ಬೇಡವೆಂದರೆ ಬೇಡ. ಬೈದ, ಪುಸಲಾಯಿಸಿದ, ಹೊಸ ಚಪ್ಪಲಿ ತಂದು ಕೊಟ್ಟ. ಚಪ್ಪಲಿ ಹಾಕಿಕೊಂಡು ಟಿವಿಯ ಮುಂದೆ ಕೂತಳು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಜಿಲ್ಲೆಯಲ್ಲಿ ಊರೆಲ್ಲ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜೆ ಮಾಡುತ್ತೇವೆ. ಸಜ್ಜೆ ರೊಟ್ಟಿ, ಅಂಬಲಿ, ಹತ್ತಾರು ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ. ಮೊದಲು ಎಲ್ಲ ಅಡಿಗೆಯನ್ನೂ ಕಲಸಿ ಬುಟ್ಟಿಗೆ ಹಾಕಿ, ಹೊಲದ ನಾಲ್ಕೂ ಬದುವಿನ ಗುಂಟ ನಡೆದು ಬೆಳೆಗೆ ಚೆಲ್ಲಬೇಕು. ಅದೇ ಚರಗ. ಭೂಮಿ ಬಸುರಿ, ಅವಳು ಉಂಡ ಮೇಲೆ ನಮ್ಮ ಊಟ. ಚರಗ ಮುಗಿಯುವವರೆಗೆ ರಾಜನೇ ಬಂದಿರಲಿ, ರೊಟ್ಟಿ ಮುರಿಯುವಂತಿಲ್ಲ.

ಆ ವರ್ಷ ಗೋರ್ಟಾ ದಾರಿಯ ನಮ್ಮ ಹೊಲಕ್ಕೆ ನಲವತ್ತು ಜನ ಬಂದಿದ್ದರು. ಚರಗದ ಬುಟ್ಟಿಯನ್ನು ಮನೆಯ ಗಂಡಸರು ಹೊರುವುದು ರೂಢಿ. ಮೈದುನ ಬುಟ್ಟಿಯನ್ನು ತಂದು ಮೊಮ್ಮಗಳ ಸೊಂಟಕ್ಕೆ ಇಟ್ಟ! ನಿರ್ಣಾದಿಂದ ಬಂದಿದ್ದ ಮುದುಕ ಬೀಗರು ಎದ್ದು ನಿಂತರು.

"ಏ ಸಾವಕಾರ, ಹೆಣ್ಣುಡುಗಿ ಚರಗಾ ಚೆಲ್ಲೋದು ಎಲ್ಲ್ಯಾರ ನೋಡೀಯೇನು?"

"ಇಲ್ರಿ. ಅದಕ್ಕ ಇವತ್ತ ನೋಡೋಣ ಬರ್ರಿ. ಬಸರೀಗಿ ಉಣಸಾಕ ಗಂಡಸರು ಯಾಕ ಬೇಕ್ರಿ?"

ಹುಡುಗಿ ಮುಂದೆ, ನೀರಿನ ತಂಬಿಗೆ ಹಿಡಿದ ಇವನು ಹಿಂದೆ, ಹೊರಟೇ ಬಿಟ್ಟರು. ಹನ್ನೆರಡು ಎಕರೆಯ ಸುತ್ತು. ಒಂದು ಬದು ಮುಗಿಯಿತು. ಎರಡನೆಯ ಬದುವಿನ ಮೇಲೆ ಹುಡುಗಿ ಬುಟ್ಟಿ ಇಟ್ಟು ಕೂತಳು. ಇವನೂ ಪಕ್ಕದಲ್ಲಿ ಕೂತ! ಕೊಂಪೆಯ ಹತ್ತಿರ ನಲವತ್ತು ಹೊಟ್ಟೆಗಳು ಕೂಗತೊಡಗಿದವು. ಭಜ್ಜಿಯ ಮೇಲೆ ಕೆನೆ ಕಟ್ಟಿತು. ನಾನು ತಡೆಯಲಾರದೆ ಹೊಲದೊಳಗಿಂದ ದಾಟಿ ಹೋದೆ.

"ಆಯಿ, ನನ್ನಿಂದ ಆಗಲ್ಲ. ದಮ್ಮು ಹತ್ಯಾದ" ಎಂದಳು.

"ತಾ ಇಲ್ಲಿ ಬುಟ್ಟಿ. ನಾ ಚೆಲ್ಲತೀನಿ."

"ಕೈ ಬದಲಾದ್ರ ಚರಗಾ ನಡಿಯಂಗಿಲ್ರಿ ವೈನಿ" ಎಂದ ಮೈದುನ.

ಇಂಥದೊಂದು ಕಟ್ಟಳೆ ನಮ್ಮ ಮನೆ ಹುಟ್ಟಿದಾಗಿನಿಂದ ಇರಲಿಲ್ಲ. ಅದು ಅಲ್ಲೇ, ಆ ಬದುವಿನ ಮೇಲೆ, ಇವನ ಬಾಯಲ್ಲಿ ಹುಟ್ಟಿದ್ದು! ಸುಳ್ಳ ಎಂದು ನಾನು ಬೈಯಬೇಕು, ಅಷ್ಟರಲ್ಲಿ ಕೊಂಪೆಯ ಕಡೆಯಿಂದ ನಿರ್ಣಾದ ಬೀಗರ ದನಿ ಬಂತು.

"ಬಿಡ್ರೋ, ಆ ಹುಡುಗಿ ಸುತ್ತು ಮುಗಿಸೋತನಾ ತೊಗರಿ ರಾಶಿಗೇ ಬರತದ!"

ನಲವತ್ತೂ ಜನ ನಕ್ಕರು. ನಗು ಹೊಲ ದಾಟಿ ಬಂತು. ಹುಡುಗಿಯ ಕಿವಿ ಕೆಂಪಾಯಿತು. ನಾನು ಬುಟ್ಟಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ ಆಯಿ" ಎಂದಳು. ಎದ್ದಳು. ನಡೆದಳು. ಮತ್ತೆ ನಾಲ್ಕು ಸಲ ನಿಂತಳು, ಆದರೆ ಕೂಡಲಿಲ್ಲ. ಸುತ್ತು ಮುಗಿಸಿ ಕೊಂಪೆಗೆ ಬಂದಾಗ ಅವಳ ಮುಖದ ಮೇಲಿದ್ದದ್ದು ಬಾವಿಯ ನೀರಲ್ಲ. ಯಾರೂ ಅವಳನ್ನು ಹೊಗಳಲಿಲ್ಲ, ಎಲ್ಲರೂ ಆರಿದ ಭಜ್ಜಿಯ ಮೇಲೆ ಬಿದ್ದರು. ಅವಳು ಬೀಗರ ಎದುರಿಗೇ ಹೋಗಿ ಕೂತು ರೊಟ್ಟಿ ಮುರಿಯುತ್ತ ಹೇಳಿದಳು: "ಮುಂದಿನ ಅಮಾಸಿಗೂ ನಾನೇ."

ಎರಡು ದಿನ ಬಿಟ್ಟು, ಬೆಳಕು ಹರಿಯುವ ಹೊತ್ತಿಗೆ ಅವಳಾಗಿಯೇ ಅವನ ಅಂಗಡಿಯ ಕಟ್ಟೆಯ ಮುಂದೆ ನಿಂತಿದ್ದಳು! "ಸಣ್ಣ ಮುತ್ಯಾ, ಎಲ್ಲೀತನಾ ಓಡಬೇಕು?"

ಮೊದಲು ಓಣಿಯ ತುದಿಯವರೆಗೆ. ಆಮೇಲೆ ಕೋಟೆಯ ಗೋಡೆಯವರೆಗೆ. ಬೇಸಿಗೆಯ ಹೊತ್ತಿಗೆ ತ್ರಿಪುರಾಂತದ ಕೆರೆಯವರೆಗೆ. ಇವಳನ್ನು ನೋಡಿ ಎದುರು ಮನೆಯ ಕಮಲಾಬಾಯಿಯ ಮಗಳು ಸೇರಿದಳು, ಅವಳನ್ನು ನೋಡಿ ಇನ್ನೊಬ್ಬಳು. ಆರು ಹುಡುಗಿಯರಾದರು. ಅವರು ಮುಂದೆ ಓಡುವುದು, ಹಿಂದೆ ಇವನು ಧೋತರ ಮೇಲೆ ಕಟ್ಟಿ ಹಳೆಯ ಸೈಕಲ್ ತುಳಿಯುವುದು. "ಏನ್ ಸಾವಕಾರ್ರ, ಕುರಿ ಹೊಡಕೊಂಡು ಹೊಂಟೀರೇನು?" ಎಂದು ಚಹಾದ ಅಂಗಡಿಯವರು ಕೂಗಿದರೆ, "ಹೌದ್ರಿ, ನೀವು ಹುಲ್ಲಿನಂಗ ಅಲ್ಲೇ ಕೂತಿರ್ರಿ" ಅನ್ನುತ್ತಿದ್ದ!

ಮರುವರ್ಷದ ಅಮಾವಾಸ್ಯೆಗೆ ಅವಳು ಬುಟ್ಟಿ ಹೊತ್ತು ಬದುವಿನ ಮೇಲೆ ಓಡಿದಳು. ತಂಬಿಗೆ ಹಿಡಿದ ಇವನು ಅರ್ಧ ನೀರು ತನ್ನ ಧೋತರಕ್ಕೇ ಚೆಲ್ಲಿಕೊಂಡ. ಇಷ್ಟು ಬೇಗ ಎಲ್ಲಿ ಮುಗಿದೀತು ಎಂದು ಆಡುತ್ತ ಕೂತಿದ್ದ ನಿರ್ಣಾದ ಬೀಗರು ಎಲೆಗೆ ಬಿದ್ದ ಭಜ್ಜಿಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡು, "ಸುಟ್ಟಿತಲ್ಲೋ!" ಎಂದು ಕುಣಿದರು. ಹುಮನಾಬಾದಿನ ಡಾಕ್ಟರ್ ಪಟ್ಟಿ ಸುತ್ತಿ, ಗಾಳಿ ಊದಿ, ನಕ್ಕ. "ಯಾವ ಔಷಧ ಕೊಟ್ರಿ?" ಎಂದ. ಹುಡುಗಿಯೇನೂ ಸೊರಗಲಿಲ್ಲ, ಮೈ ತುಂಬಿಕೊಂಡೇ ಇದ್ದಳು. ಮಾಳಿಗೆ ಏರಿ ಬಂದರೆ ಮಾತ್ರ ಅವಳು ಬಂದದ್ದು ಕಿವಿಗೆ ಗೊತ್ತಾಗುತ್ತಿರಲಿಲ್ಲ.

ಹದಿಮೂರು ತುಂಬುವ ಹೊತ್ತಿಗೆ ಅವಳು ದೊಡ್ಡವಳಾದಳು. ಕೂಡಿಸಿದೆವು, ಆರತಿ ಮಾಡಿದೆವು, ಹುಮನಾಬಾದಿನಿಂದ ಮಗಳು ಹೊಸ ಲಂಗ ತಂದಳು. "ಅವ್ವಾ, ಇನ್ನ ಓಡಾಟ ಸಾಕು" ಎಂದಳು. ಓಣಿಯ ಹೆಂಗಸರೂ ಅದನ್ನೇ ಹೇಳಿದರು. ಅವರ ಮೇಲೆ ಯಾಕೆ ಹಾಕಲಿ? ನನ್ನ ಮನಸ್ಸಿನಲ್ಲೂ ಅದೇ ಇತ್ತು. ನಾನು ದೊಡ್ಡವಳಾದ ದಿನ ಘಾಟಬೋರಾಳದ ನಮ್ಮ ಹೊಲಕ್ಕೆ ಬುತ್ತಿ ಒಯ್ಯುವುದನ್ನೂ ನಿಲ್ಲಿಸಿದ್ದರು. ನಾನೇನು ಸತ್ತೆನೇ?

ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದ ಮೈದುನನಿಗೆ ಹೇಳಿದೆ, "ನಾಳಿಂದ ಆಕಿ ಬರಂಗಿಲ್ಲ."

ಇವನು ಬಾಯಿ ತೆರೆದ. ಹೆಂಗಸರ ಈ ಮಾತಿನಲ್ಲಿ ಗಂಡಸು ಬಾಯಿ ಹಾಕುವಂತಿಲ್ಲ. ಊರಿಗೆಲ್ಲ ಉಪದೇಶ ಮಾಡುವ ಬಾಯಿ ಮುಚ್ಚಿಕೊಂಡಿತು. "ಹೌದ್ರಿ ವೈನಿ" ಎಂದ. ಅಷ್ಟೇ.

ಆದರೂ ದಿನಾ ಬೆಳಗ್ಗೆ ಬರುತ್ತಿದ್ದ. ಎದುರಿನ ಗೋಡೆಗೆ ಸೈಕಲ್ ಒರಗಿಸಿ ಐದು ನಿಮಿಷ ನಿಲ್ಲುವುದು, ನಮ್ಮ ಬಾಗಿಲು ನೋಡುವುದು, ಹೋಗುವುದು. ಗಂಟೆಯನ್ನೂ ಬಾರಿಸುತ್ತಿರಲಿಲ್ಲ. ಮೊದಲ ವಾರ ಅವನ ಹಿಂದೆ ಐದು ಹುಡುಗಿಯರಿದ್ದರು. ಆಮೇಲೆ ಮೂವರು. ಆಮೇಲೆ ಒಬ್ಬಳೂ ಇಲ್ಲ. ಕಮಲಾಬಾಯಿ ನನಗೇ ಹೇಳಿದಳು, "ನಿಮ್ಮಾಕೀನೇ ಕೂತ ಮ್ಯಾಲ ನಮ್ಮಾಕಿದೇನ್ರಿ? ನಾವೂ ಕೂಡಿಸಿದ್ವಿ."

ಮೊಮ್ಮಗಳು ಅಳಲಿಲ್ಲ, ರಂಪ ಮಾಡಲಿಲ್ಲ. ಶಾಲೆಗೆ ಹೋದಳು, ಬಂದಳು, ಟಿವಿಯ ಮುಂದೆ ಕೂತಳು. ನಾನು ಕೊಟ್ಟದ್ದನ್ನು ತಿಂದಳು. ಬಹಳ ಒಳ್ಳೆಯ ಹುಡುಗಿಯಾದಳು. ಹದಿನೈದನೆಯ ದಿನವೋ ಏನೋ, ಸಂಜೆ ಮಾಳಿಗೆಯ ಮೇಲಿನ ಬಟ್ಟೆ ತರಲು ಕಳಿಸಿದೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಇಳಿದು ಬಂದು ನನ್ನ ಬೆನ್ನ ಹಿಂದೆ ನಿಂತಳು. ಕೇಳಿಸಿತು.

ಬಹಳವೇನಲ್ಲ. ಇಷ್ಟೇ ಇಷ್ಟು ಏದುಸಿರು. ಆದರೆ ಅದು ನನಗೆ ಗುರುತಿತ್ತು. ಗಾದಿಯಿಂದ ಏಳುವಾಗ ನನ್ನ ಗಂಡ ಬಿಡುತ್ತಿದ್ದ ಉಸಿರು ಮೊದಮೊದಲು ಅಷ್ಟೇ ಇತ್ತು. ಆಗಲೂ ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಇಳಿಸಿ ಕೇಳಿದೆ, "ಓಡಬೇಕನಸ್ತದೇನು?"

"ನೀ ಬ್ಯಾಡಂದೀಯಲ್ಲ ಆಯಿ."

"ನಾ ಅಂದದ್ದು ಅತ್ತ ಇಡು. ನಿನಗೇನನಸ್ತದ ಹೇಳು."

ಬಟ್ಟೆ ಮಡಚುತ್ತ ನಿಧಾನಕ್ಕೆ ಹೇಳಿದಳು, "ಮುಂಜಾನಿ ಸಣ್ಣ ಮುತ್ಯಾ ಬಂದು ನಿಂದರತಾನಲ್ಲ, ಗಂಟಿ ಹೊಡಿಯಂಗಿಲ್ಲ. ಆದ್ರೂ ನನ್ನ ಕಾಲಿಗಿ ಗೊತ್ತಾಗತದ."

ಮಗಳಿಗೆ ಫೋನು ಹಚ್ಚಿಸಿದೆ. "ಅವ್ವಾ, ನಿನಗೇನಾಗ್ಯಾದ? ನಾಳಿ ಬೀಗರು ಬಂದು ಏನಂದಾರು?" ಎಂದಳು.

"ನಾಳಿನ ಬೀಗರು ನಾಳಿ ಅನಲಿ. ಇವತ್ತ ಈಕಿ ದಮ್ಮು ಹತ್ತಿಸಿಕೊಂಡು ನಿಂತಾಳ. ನಿಮ್ಮಪ್ಪನ ಕಾಲು ನೆನಪದ ಇಲ್ಲೋ?"

ಆ ಕಡೆ ಬರೀ ಲಾರಿಗಳ ಸದ್ದು. ಆಮೇಲೆ ಮಗಳು ಹೇಳಿದಳು, "ನೀ ಸಂಗಟ ಹೋಗೋದಾದ್ರ ಓಡಿಸು."

ಸಂಗಡ ಹೋಗುವುದೆಂದರೆ! ಅರವತ್ತು ದಾಟಿದ ಮೊಣಕಾಲು, ಹುಟ್ಟಿದಾಗಿನಿಂದ ಕಸರತ್ತಿನ ಹೆಸರೆತ್ತದ ಮೈ. ಆದರೂ ಹೋಗುವುದೆಂದರೆ ಹೋಗುವುದು. ಮರುದಿನ ಬೆಳಗ್ಗೆ ಹುಡುಗಿಯ ಚಾದರ ಎಳೆದೆ. ಸೆರಗು ಬಿಗಿದು, ಕೈ ಹಿಡಿದು ಹೊರಗೆ ತಂದೆ. ಕಮಲಾಬಾಯಿ ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ಎಲ್ಲಿಗ್ರಿ ಆಯಿ, ಇಷ್ಟು ಮುಂಜಾನಿ?"

"ಮೊಮ್ಮಗಳನ್ನ ಓಡಸಾಕ."

"ಆಕಿ ದೊಡ್ಡಾಕಿ ಆಗ್ಯಾಳಲ್ರೀ!"

"ದೊಡ್ಡಾಕಿ ಆದ್ರ ಕಾಲು ಉದರತಾವೇನು? ನಿನ್ನವೂ ಉದರಿಲ್ಲ, ನನ್ನವೂ ಉದರಿಲ್ಲ. ನಿನ್ನ ಮಗಳನ್ನೂ ಎಬ್ಬಿಸು. ಯಾರಾರ ಏನಾರ ಅಂದ್ರ ನನ್ನ ಹೆಸರು ಹೇಳು. ಜಗಳಾಡೋದು ನನಗ ಹೊಸದಲ್ಲ."

ಗೋಡೆಗೆ ಒರಗಿದ್ದ ಮೈದುನ ಸೈಕಲ್ ತಿರುಗಿಸಿದ. ಹುಡುಗಿ ಮುಂದೆ ಓಡಿದಳು. ಕಮಲಾಬಾಯಿಯ ಮಗಳು ಅರ್ಧ ಹೆಣೆದ ಜಡೆಯಲ್ಲೇ ಹೊರಗೆ ಬಂದಳು. ಓಣಿಯ ತಿರುವು ದಾಟುವ ಹೊತ್ತಿಗೆ ನಾಲ್ವರಾಗಿದ್ದರು. ನನ್ನ ಮೊಣಕಾಲಿಗಾಗಿ ಅವನು ಸೈಕಲ್ ಹತ್ತದೆ ತಳ್ಳಿಕೊಂಡು ಪಕ್ಕದಲ್ಲಿ ನಡೆದ.

"ಹದಿನೈದು ದಿನ ಬಾಯಿ ಹೊಲಕೊಂಡು ನಿಂತಿದ್ದೆಲ್ಲ" ಎಂದೆ. "ಒಂದು ಮಾತು ಕೇಳಬಾರದಾಗಿತ್ತೇನು?"

"ಕೇಳೋದೇನದ್ರಿ. ನೀವು ಎಬ್ಬಸತೀರಿ ಅಂತ ಗೊತ್ತಿತ್ತು."

"ನನಗೇ ಗೊತ್ತಿದ್ದಿಲ್ಲ. ನಿನಗ ಹ್ಯಾಂಗ ಗೊತ್ತಿತ್ತು?"

ದಾರಿಯ ಕಲ್ಲೊಂದನ್ನು ತಪ್ಪಿಸಿ ಸೈಕಲ್ ತಳ್ಳಿದ. ಆಮೇಲೆ ಹೇಳಿದ, "ನನಗ ಏಳು ವರ್ಷ ಇದ್ದಾಗ ಮುದ್ದತಿ ಜ್ವರ ಬಂದು ಮೂರು ತಿಂಗಳು ಮಲಗಿದ್ದೆ. ಜ್ವರ ಹೋತು, ಕಾಲು ನಿಂದರಲಿಲ್ಲ, ಕಡ್ಡಿ ಆಗಿದ್ವು. ಅವ್ವ ಅಂದಳು, ಮಲಗಿರಲಿ ಪಾಪ. ಅಪ್ಪ ಅಂದ, ಮಲಗಿರಲಿ. ವೈದ್ಯ ಅಂದ, ಇನ್ನ ಇಷ್ಟೇ. ನೀವು ಮದಿವ್ಯಾಗಿ ಬಂದು ತಿಂಗಳೂ ಆಗಿದ್ದಿಲ್ಲ. ನೀವೊಬ್ಬರೇ ಅಂದ್ರಿ, 'ಏಳು' ಅಂತ."

ನಾನು ಅದನ್ನು ಮರೆತೇ ಬಿಟ್ಟಿದ್ದೆ. ಅವನು ಹೇಳಿದ ಮೇಲೆ ನೆನಪಾಯಿತು. ನಿಜ ಹೇಳಬೇಕೆಂದರೆ, ಆಗ ನನಗೆ ಹದಿನಾಲ್ಕು. ಈ ಹುಡುಗನನ್ನು ಹಿತ್ತಲಿಗೆ ಹೊತ್ತೊಯ್ಯುವುದು, ಹೊತ್ತು ತರುವುದು ಹೊಸ ಸೊಸೆಯ ಪಾಲಿಗೆ ಬಂದಿತ್ತು. ಸೊಂಟ ಬಿದ್ದು ಹೋಗಿತ್ತು. ಇವನು ನಡೆದರೆ ನನಗೊಂದು ಕೆಲಸ ತಪ್ಪುತ್ತದೆ ಎಂದು ಅಂಗಳದಲ್ಲಿ ಇಳಿಸಿ, ಹತ್ತು ಹೆಜ್ಜೆ ದೂರ ಹೋಗಿ ನಿಂತು, ಏಳು ಎಂದಿದ್ದೆ. ಹುಡುಗ ಅತ್ತ. ಕರಗಲಿಲ್ಲ ನಾನು. ಮರುದಿನವೂ ಇಳಿಸಿದೆ, ಅದರ ಮರುದಿನವೂ ಇಳಿಸಿದೆ. ಅಷ್ಟೇ. ಅದರಲ್ಲಿ ಮಮತೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಅದನ್ನು ಅವನಿಗೆ ಹೇಳಿಬಿಡೋಣವೆಂದು ಬಾಯಿ ತೆರೆದೆ. ಐವತ್ತು ದಾಟಿದ ಗಂಡಸು, ಕಣ್ಣೊರೆಸಿಕೊಳ್ಳಲು ಸೈಕಲ್ಲಿನಿಂದ ಕೈ ಬಿಡಲಾರದೆ, ಮುಖವನ್ನು ಕೆರೆಯ ಕಡೆ ತಿರುಗಿಸಿಕೊಂಡು ನಡೆಯುತ್ತಿದ್ದ.

ಹೇಳಲಿಲ್ಲ.

"ಜಲ್ದಿ ನಡಿ" ಎಂದೆ. "ಹುಡುಗ್ಯಾರು ಕಾಣದಂಗ ಮುಂದ ಹೋದ್ರು."